'ಸೆಟ್' ಎಂಬ ಇಂಗ್ಲಿಷ್ ಧಾತು: ನಾನಾರ್ಥಗಳ ಚರಿತ್ರೆ

೧

ನಿಘಂಟನ್ನು ಕೈಗೆತ್ತಿಕೊಳ್ಳುವ ವಾಚಕನು ಅದರಲ್ಲಿ ಅರಸುವುದು ಸಾಮಾನ್ಯವಾಗಿ ತನಗೆ ತಿಳಿಯದ ಪದಗಳನ್ನು. ಇಡು, ಕೊಡು, ಹಿಡಿ, ಬಿಡು ಮೊದಲಾದ ಪದಗಳಿರುವ ಪುಟವನ್ನು ತೆರೆದು ನೋಡಬೇಕೆಂಬ ಅಪೇಕ್ಷೆ ಹುಟ್ಟುವುದು ತೀರ ವಿರಳ. ನಿಘಂಟುಕಾರನ ಅನುಭವವಾದರೋ ಇದಕ್ಕೆ ವಿರುದ್ಧವಾದುದು. ಅಪೂರ್ವಪದವೊಂದರ ಅರ್ಥವು ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ದಿನವೂ ಎಲ್ಲರ ಬಾಯಲ್ಲಿ ಓಡಾಡುವ ಪುಟ್ಟ ಕ್ರಿಯಾಪದವು ಅವನನ್ನು ತಿಂಗಳುಗಟ್ಟಲೆ ಕಾಡುತ್ತದೆ. ಎಲ್ಲರಿಗೂ ತಿಳಿದ ಪದವೇ ವಿವರಿಸಲು ಎಲ್ಲಕ್ಕಿಂತ ಕಷ್ಟವಾದ ಪದ ಎಂಬುದು ಕೋಶರಚನೆಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಸಿದ್ಧಪಟ್ಟ ಸಂಗತಿಯಾಗಿದೆ.

ಇದಕ್ಕೆ ಇಂಗ್ಲಿಷಿನ 'ಸೆಟ್' ಎಂಬ ಧಾತುವಿಗಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ೧೯೨೮ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ಕೋಶದಲ್ಲಿ ೪,೧೪,೮೨೫ ಪದಗಳು ವಿವೃತವಾಗಿವೆ; ಅವುಗಳ ಸಮರ್ಥನೆಗಾಗಿ ೧೮,೨೭,೩೦೬ ಪ್ರಯೋಗಗಳು ಉದ್ಧೃತವಾಗಿವೆ. ಈ ಮಹಾರಾಶಿಯಲ್ಲಿ ಅತಿ ದೀರ್ಘವಾದ ಲೇಖವು ಯಾವುದೋ ಶಾಸ್ತ್ರೀಯ ಪರಿಭಾಷೆಯದಲ್ಲ, ಮೂರೇ ಅಕ್ಷರಗಳಲ್ಲಿ ಬರೆಯಲ್ಪಡುವ 'ಸೆಟ್' ಎಂಬ ಕ್ರಿಯಾಪದದ್ದು. ಅದರ ಮುಖ್ಯ ವಿಭಾಗಗಳೇ ೧೫೪. ಕಡೆಯದಾದ 'ಸೆಟ್ ಅಪ್' ಎಂಬುದರ ಉಪವಿಭಾಗಗಳನ್ನು ಗುರುತಿಸಲು ರೋಮನ್ ವರ್ಣಮಾಲೆಯ ಅಕ್ಷರಗಳೆಲ್ಲ ಮುಗಿದು, ಅವನ್ನು ಇಮ್ಮಡಿಸಿ ಮತ್ತೆ ಮೊದಲಿನಿಂದ ಬಳಸಬೇಕಾಯಿತು.

ಇಷ್ಟೊಂದು ಅರ್ಥಗಳು ಒಂದೇ ಧಾತುವಿಗೆ ಹೇಗೆ ಬಂದುವು, ಅವನ್ನು ಲೆಕ್ಕಮಾಡುವುದನ್ನು ನಿಘಂಟುಕಾರರು ಹೇಗೆ ಕಲಿತರು, ಈ ಚರಿತ್ರೆಯಿಂದ ಕನ್ನಡದ ಕೋಶರಚನೆಗೆ ತಿಳಿಯುವುದೇನು ಎಂಬ ಮೂರು ಪ್ರಶ್ನೆಗಳು ಇಲ್ಲಿ ವಿಚಾರಾರ್ಹವಾಗಿವೆ.

೨

'ಸೆಟ್' ಎಂಬುದು ಮೂಲತಃ ಪ್ರೇರಣಾರ್ಥಕ ಕ್ರಿಯಾಪದ. 'ಸಿಟ್' ಎಂದರೆ ಕುಳಿತುಕೊಳ್ಳು. 'ಸೆಟ್' ಎಂದರೆ ಕುಳಿತುಕೊಳ್ಳುವಂತೆ ಮಾಡು, ಅರ್ಥಾತ್ ಕೂರಿಸು. ಪ್ರಾಚೀನ ಇಂಗ್ಲಿಷಿನಲ್ಲಿ ಇವುಗಳ ರೂಪ 'ಸಿಟ್ಟನ್', 'ಸೆಟ್ಟನ್' ಎಂದಿತ್ತು. ನಾಲ್ಕನೆಯ ಶತಮಾನದ ಬೈಬಲ್ ಅನುವಾದದಿಂದ ನಮಗೆ ಪರಿಚಿತವಾದ ಗಾಥಿಕ್ ಭಾಷೆಯಲ್ಲಿ ಪ್ರೇರಣಾರ್ಥಕ ರೂಪವು 'ಸತ್ಯನ್' ಎಂದು ಉಳಿದಿದೆ. ಈ 'ಯ'ಕಾರವೇ ಪ್ರೇರಣಾರ್ಥದ ಚಿಹ್ನೆ. ಇಂಗ್ಲಿಷಿನಲ್ಲಿ ಅದು ಹಿಂದಿನ ಸ್ವರವನ್ನು ಎಕಾರವಾಗಿ ಮಾರ್ಪಡಿಸಿ ತಾನು ಲೋಪವಾಯಿತು. 'ಲೈ' ಮತ್ತು 'ಲೇ', 'ಫಾಲ್' ಮತ್ತು 'ಫೆಲ್', 'ರೈಸ್' ಮತ್ತು 'ರೇಸ್' ಎಂಬ ಜೋಡಿಗಳೂ ಇದೇ ಬಗೆಯ ಅವಶೇಷಗಳು. ಕನ್ನಡದಲ್ಲಿ ಇಂದಿಗೂ ಜೀವಂತವಾಗಿರುವ 'ಇಸು' ಪ್ರತ್ಯಯದ ಕಾರ್ಯವನ್ನು ಇಂಗ್ಲಿಷಿನಲ್ಲಿ ಒಂದು ಕಾಲಕ್ಕೆ ನಿರ್ವಹಿಸುತ್ತಿದ್ದುದು ಈ ಸ್ವರಭೇದ.

ಈ ಧಾತುವಿನ ಬಂಧುವರ್ಗ ಇಂಗ್ಲಿಷಿನ ಎಲ್ಲೆಯನ್ನು ದಾಟಿ ಬಹುದೂರ ಹಬ್ಬಿದೆ. ಸಂಸ್ಕೃತದ 'ಸದ್' ಧಾತುವೂ ಅದೇ ಮೂಲದ್ದು. ಪ್ರೇರಣಾರ್ಥದ 'ಸಾದಯತಿ' ಎಂಬ ಸಂಸ್ಕೃತರೂಪವೂ 'ಸತ್ಯನ್' ಎಂಬ ಗಾಥಿಕ್ ರೂಪವೂ ಒಂದಕ್ಕೊಂದು ನೇರವಾಗಿ ಸಂವಾದಿಯಾಗಿವೆ. ಸದನ, ಸಭಾಸದ, ಸಂಸತ್ತು, ಉಪನಿಷತ್ತು, ಪರಿಷತ್ತು ಎಂಬ ಪದಗಳೆಲ್ಲ ಈ ಧಾತುವಿನಿಂದ ಹುಟ್ಟಿದವು. ಸುತ್ತಲೂ ಕುಳಿತವರ ಕೂಟವೇ ಪರಿಷತ್ತು. ಹಕ್ಕಿಯ ಗೂಡನ್ನು ಸೂಚಿಸುವ 'ನೀಡ' ಎಂಬ ಸಂಸ್ಕೃತಪದವೂ ಇಂಗ್ಲಿಷಿನ 'ನೆಸ್ಟ್' ಎಂಬ ಪದವೂ ಒಂದೇ; ಎರಡರ ಅರ್ಥವೂ 'ಕುಳಿತುಕೊಳ್ಳುವ ಎಡೆ' ಎಂದೇ. ಹೀಗಿರುವಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರನ್ನು ಉಚ್ಚರಿಸುವವರು ತಮಗರಿವಿಲ್ಲದೆಯೇ 'ಸೆಟ್' ಧಾತುವಿನ ಜ್ಞಾತಿಯೊಂದನ್ನು ನುಡಿಯುತ್ತಿರುತ್ತಾರೆ.

ನಾನಾರ್ಥಗಳ ಬೆಳವಣಿಗೆಗೆ ಸಂಸ್ಕೃತದಲ್ಲಿಯೂ ಈ ಧಾತು ಒಳ್ಳೆಯ ಸಾಕ್ಷಿಯೇ. ಪಾಣಿನೀಯ ಧಾತುಪಾಠವು 'ಸದ್' ಎಂಬುದಕ್ಕೆ ವಿಶರಣ, ಗತಿ, ಅವಸಾದನ ಎಂಬ ಮೂರು ಅರ್ಥಗಳನ್ನು ಹೇಳುತ್ತದೆ. ಶಂಕರಾಚಾರ್ಯರು ಕಠೋಪನಿಷತ್ತಿನ ಭಾಷ್ಯದ ಅವತರಣಿಕೆಯಲ್ಲಿ 'ಉಪನಿಷತ್' ಶಬ್ದವನ್ನು ವಿವರಿಸುವುದು ಈ ಮೂರು ಅರ್ಥಗಳನ್ನು ಆಧರಿಸಿಯೇ. ಉಪಸರ್ಗಗಳು ಸೇರಿದಾಗ ಅರ್ಥವು ಇನ್ನೂ ಕವಲೊಡೆಯುತ್ತದೆ. ಕದಡಿದ ನೀರು ತಳಕ್ಕೆ ಕೂತು ತಿಳಿಯಾಗುವುದು 'ಪ್ರಸಾದ'. ಅದರಿಂದ ಮನಸ್ಸಿನ ತಿಳಿತನವೂ, ತಿಳಿಯಾದ ಮನಸ್ಸಿನ ಅನುಗ್ರಹವೂ, ಕೊನೆಗೆ ದೇವರ ಸನ್ನಿಧಿಯಲ್ಲಿ ಕೈಗೆ ದೊರೆಯುವ ನೈವೇದ್ಯವೂ ಅದೇ ಹೆಸರನ್ನು ಪಡೆದುವು. ಅದೇ ಧಾತು 'ವಿ' ಎಂಬ ಉಪಸರ್ಗದೊಡನೆ ಸೇರಿ 'ವಿಷಾದ'ವಾಯಿತು. ಒಂದು ಬೇರಿನಿಂದ ಪ್ರಸಾದವೂ ವಿಷಾದವೂ ಹುಟ್ಟಬಲ್ಲವೆಂಬುದನ್ನು ನೆನೆದರೆ, 'ಸೆಟ್' ಧಾತುವಿನ ಅರ್ಥವೈವಿಧ್ಯವು ಅಷ್ಟೇನೂ ಅಚ್ಚರಿಯದಾಗಿ ಕಾಣದು.

೩

'ಕೂರಿಸು' ಎಂಬ ಒಂದು ಅರ್ಥದಿಂದ ನೂರಾರು ಅರ್ಥಗಳು ಹರಡಿದ ಬಗೆಯನ್ನು ಕನ್ನಡದ ಬಳಕೆಗಳ ನೆರವಿನಿಂದಲೇ ತಿಳಿಯಬಹುದು. ಕೋಳಿಯನ್ನು ಮೊಟ್ಟೆಗಳ ಮೇಲೆ ಕಾವಿಗೆ ಕೂರಿಸುವುದಕ್ಕೆ ಇಂಗ್ಲಿಷಿನವರು ಹೇಳುವ ಮಾತು 'ಸೆಟ್'. ಅಕ್ಕಸಾಲಿಗನು ಉಂಗುರದಲ್ಲಿ ಹರಳು ಕೂರಿಸುವುದಕ್ಕೂ ಅದೇ ಮಾತು. ಇವೆರಡರಲ್ಲಿಯೂ ಕನ್ನಡವು ಇಂಗ್ಲಿಷಿನೊಡನೆ ಹೆಜ್ಜೆ ಹೆಜ್ಜೆಗೂ ಹೊಂದಿಕೊಂಡು ನಡೆಯುತ್ತದೆ. ಮುಂದಿನ ಹಂತದಲ್ಲಿ ದಾರಿಗಳು ಬೇರೆಯಾಗುತ್ತವೆ. ಮುರಿದ ಮೂಳೆಯನ್ನು ಕೂಡಿಸುವುದು, ಅಚ್ಚುಮೊಳೆಗಳನ್ನು ಜೋಡಿಸುವುದು, ಬೋನನ್ನು ಒಡ್ಡುವುದು, ಗಡಿಯಾರದ ಮುಳ್ಳನ್ನು ಸರಿಪಡಿಸುವುದು, ಗೀತಕ್ಕೆ ರಾಗ ಹಾಕುವುದು, ಬೆಲೆ ಕಟ್ಟುವುದು, ದಿನ ಗೊತ್ತುಮಾಡುವುದು, ಸಸಿ ನೆಡುವುದು, ಗರಗಸದ ಹಲ್ಲುಗಳನ್ನು ಒಂದೊಂದಾಗಿ ಅತ್ತಿತ್ತ ಬಾಗಿಸುವುದು—ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ಒಂದೇ ಧಾತು ಸಲ್ಲುತ್ತದೆ. ಕನ್ನಡದಲ್ಲಿ ಒಂದೊಂದಕ್ಕೂ ಒಂದೊಂದು ಮಾತುಂಟು. ಈ ಕ್ರಿಯೆಗಳಲ್ಲೆಲ್ಲ ಸಮಾನವಾಗಿರುವ ಅಂಶವನ್ನು ಗುರುತಿಸುವುದು ಕಷ್ಟವಲ್ಲ. ವಸ್ತುವೊಂದನ್ನು ಅದು ಇರಬೇಕಾದ ಎಡೆಯಲ್ಲಿ, ಅದು ಇರಬೇಕಾದ ಸ್ಥಿತಿಯಲ್ಲಿ, ಮತ್ತೆ ಅಲುಗದಂತೆ ನೆಲೆಗೊಳಿಸುವುದೇ ಆ ಅಂಶ. ಹರಳಿಗೆ ಮನೆ ಹೇಗೋ, ಮೂಳೆಗೆ ಅದರ ಸಂದು ಹಾಗೆ, ಮುಳ್ಳಿಗೆ ಅದರ ಗಂಟೆ ಹಾಗೆ.

ವಸ್ತುವು ತಾನಾಗಿಯೇ ನೆಲೆಗೊಂಡಾಗ ಧಾತುವು ಅಕರ್ಮಕವಾಯಿತು. ಹಾಲು ಹೆಪ್ಪುಗಟ್ಟಿ ಮೊಸರಾಗುವುದೂ, ಗಾರೆ ಬಿಗಿದುಕೊಳ್ಳುವುದೂ ಇಂಗ್ಲಿಷಿನಲ್ಲಿ 'ಸೆಟ್' ಆಗುವುದೇ. ಸೂರ್ಯನು ಮುಳುಗುವುದಕ್ಕೂ ಅದೇ ಪದ ಬಂದಿರುವುದು ವಿಶೇಷವಾಗಿ ಗಮನಾರ್ಹ. ಪ್ರಾಚೀನ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ 'ಸೆಟ್ಲ್‌ಗಂಗ್' ಎಂಬ ಪದವಿತ್ತು. ಅದರ ಅರ್ಥ 'ಪೀಠಕ್ಕೆ ಹೋಗುವುದು' ಎಂದು. ಸಂಸ್ಕೃತದ 'ಅಸ್ತ' ಎಂಬ ಪದಕ್ಕೆ ವೇದಭಾಷೆಯಲ್ಲಿ 'ಮನೆ' ಎಂದು ಅರ್ಥ. ದಿನವೆಲ್ಲ ದುಡಿದ ಸೂರ್ಯನು ಒಂದು ನಾಡಿನಲ್ಲಿ ಮನೆಗೆ ತೆರಳಿದನು, ಇನ್ನೊಂದು ನಾಡಿನಲ್ಲಿ ತನ್ನ ಪೀಠದ ಮೇಲೆ ಕುಳಿತನು. ಕನ್ನಡಿಗನ ಹೊತ್ತು ಮಾತ್ರ ನೀರಿಗಿಳಿದಂತೆ ಮುಳುಗುತ್ತದೆ. ಈ ಮೂರು ಚಿತ್ರಗಳನ್ನೂ ಕಳೆದುಕೊಂಡು 'ಅಸ್ತಮಿಸು' ಎಂಬ ಒಂದೇ ಪದವನ್ನು ಬರೆದಿಡುವ ದ್ವಿಭಾಷಾನಿಘಂಟು ಅರ್ಥವನ್ನು ತಿಳಿಸುತ್ತದೆ; ಚರಿತ್ರೆಯನ್ನು ತಿಳಿಸುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೂಟ, ಸಮೂಹ ಎಂಬ ಅರ್ಥದ 'ಸೆಟ್' ಎಂಬ ನಾಮಪದವು ಈ ಧಾತುವಿನಿಂದ ನೇರವಾಗಿ ಹುಟ್ಟಿದುದಲ್ಲ. ಅದು ಲ್ಯಾಟಿನ್ನಿನ 'ಸೆಕ್ತಾ' ಎಂಬ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದುದು. ಪಂಥವನ್ನು ಸೂಚಿಸುವ 'ಸೆಕ್ಟ್' ಎಂಬುದು ಅದರ ಸೋದರ. ಉಚ್ಚಾರಣೆಯು ಒಂದೇ ಆದುದರಿಂದ ಕಾಲಕ್ರಮದಲ್ಲಿ ಧಾತುವಿನ ಪ್ರಭಾವವೂ ಅದರ ಮೇಲೆ ಬಿದ್ದಿತು. ಗಣಿತಶಾಸ್ತ್ರದಲ್ಲಿ ಕನ್ನಡಿಗರು 'ಗಣ' ಎಂದು ಕರೆಯುವ ಪರಿಕಲ್ಪನೆಯೂ, ಉಪಾಹಾರಗೃಹಗಳಲ್ಲಿ ಎರಡು ಮೂರನ್ನು ಜೊತೆಗೂಡಿಸಿ ಬಡಿಸುವ 'ಸೆಟ್ ದೋಸೆ'ಯೂ ಈ ನಾಮಪದದ ಸಂತತಿಗೆ ಸೇರಿದವು. ಒಂದೇ ರೂಪದ ಎರಡು ಪದಗಳನ್ನು ಬೇರ್ಪಡಿಸುವುದೂ ಒಂದೇ ಪದದ ಎರಡು ಅರ್ಥಗಳನ್ನು ಬೇರ್ಪಡಿಸುವುದೂ ಭಿನ್ನವಾದ ಕಾರ್ಯಗಳು. ರೂಪಸಾಮ್ಯವು ಇದನ್ನು ತೀರ್ಮಾನಿಸಲಾರದು; ಚರಿತ್ರೆಯೊಂದೇ ತೀರ್ಮಾನಿಸಬಲ್ಲದು.

೪

ಇಂಗ್ಲಿಷಿನ ಮೊದಲ ನಿಘಂಟುಕಾರರ ದೃಷ್ಟಿಗೆ ಇಂತಹ ಧಾತುಗಳು ಬೀಳಲೇ ಇಲ್ಲ. ೧೬೦೪ರಲ್ಲಿ ರಾಬರ್ಟ್ ಕಾಡ್ರಿ ಎಂಬ ಉಪಾಧ್ಯಾಯನು ಪ್ರಕಟಿಸಿದ ಏಕಭಾಷಾಕೋಶದಲ್ಲಿ ಸುಮಾರು ೨,೫೦೦ ಪದಗಳಿದ್ದುವು, ಎಲ್ಲವೂ ಕಠಿನಪದಗಳೇ. ಎಲ್ಲರೂ ಬಲ್ಲ ಪದಕ್ಕೆ ಅರ್ಥ ಬರೆಯುವುದು ವ್ಯರ್ಥವೆಂಬುದು ಆ ಕಾಲದ ಅಭಿಪ್ರಾಯ. ಸುಮಾರು ಒಂದು ಶತಮಾನ ಕಳೆದಮೇಲೆ, ೧೭೦೨ರಲ್ಲಿ, ಜಾನ್ ಕರ್ಸಿಯದೆಂದು ಹೇಳಲಾದ ನಿಘಂಟು ಸಾಮಾನ್ಯಪದಗಳಿಗೂ ಎಡೆಗೊಟ್ಟಿತು. ಎಡೆಗೊಟ್ಟರೂ ಅವುಗಳ ನಾನಾರ್ಥಗಳನ್ನು ವಿಂಗಡಿಸುವ ಶಾಸ್ತ್ರ ಆಗಿನ್ನೂ ಹುಟ್ಟಿರಲಿಲ್ಲ.

ಆ ಶಾಸ್ತ್ರಕ್ಕೆ ದೃಢವಾದ ತಳಹದಿ ಹಾಕಿದವನು ಸ್ಯಾಮ್ಯುಯೆಲ್ ಜಾನ್ಸನ್. ೧೭೫೫ರ ಏಪ್ರಿಲ್ ೧೫ರಂದು ಪ್ರಕಟವಾದ ಅವನ ಕೋಶದಲ್ಲಿ ಸುಮಾರು ೪೨,೦೦೦ ಪದಗಳಿವೆ. ಒಂದೊಂದು ಅರ್ಥಕ್ಕೂ ಒಂದೊಂದು ಸಂಖ್ಯೆಯನ್ನು ಕೊಟ್ಟು, ಗ್ರಂಥಕರ್ತರ ಪ್ರಯೋಗಗಳನ್ನು ಅದರ ಕೆಳಗೆ ನಿಲ್ಲಿಸುವ ಪದ್ಧತಿ ಆ ಗ್ರಂಥದಿಂದ ಪ್ರತಿಷ್ಠಿತವಾಯಿತು. 'ಟೇಕ್' ಎಂಬ ಧಾತುವೊಂದಕ್ಕೇ ಅವನು ಕೊಟ್ಟಿರುವ ಅರ್ಥಗಳು ೧೩೪. ತನ್ನನ್ನು ಹೆಚ್ಚಾಗಿ ಬಳಲಿಸಿದ ಕ್ರಿಯಾಪದಗಳ ಪಟ್ಟಿಯೊಂದನ್ನು ಅವನು ಪೀಠಿಕೆಯಲ್ಲಿ ಕೊಟ್ಟಿದ್ದಾನೆ. 'ಗೆಟ್', 'ಪುಟ್', 'ಸೆಟ್', 'ಗೋ', 'ರನ್', 'ಮೇಕ್', 'ಟೇಕ್' ಮೊದಲಾದುವು ಅದರಲ್ಲಿವೆ. ಈ ಪದಗಳು ಜೀವಂತಭಾಷೆಯಲ್ಲಿ ಎಡೆಬಿಡದೆ ಚಲಿಸುತ್ತಿರುವುದರಿಂದ ಅವನ್ನು ನಿಘಂಟಿನಲ್ಲಿ ನಿಶ್ಚಲವಾಗಿ ಹಿಡಿದಿಡುವುದು ಅಸಾಧ್ಯವೆಂದು ಅವನು ಒಪ್ಪಿಕೊಂಡಿದ್ದಾನೆ. ಕ್ರಿಯಾಪದದ ಮುಂದೆ ಕಿರುಪದವೊಂದು ಸೇರಿದಾಗ ಅರ್ಥವು ಮಾರ್ಪಡುವ ರೀತಿ ವಿದೇಶೀಯರಿಗೆ ಅತ್ಯಂತ ಕ್ಲೇಶಕರವೆಂಬುದನ್ನೂ ಅವನು ಹೇಳಿದ್ದಾನೆ. ಅವನು ಕೊಟ್ಟ ಉದಾಹರಣೆಗಳಲ್ಲಿ 'ಸೆಟ್' ಧಾತುವಿನವೇ ಮೂರು: ಅಲಂಕರಿಸು ಎಂಬ ಅರ್ಥದ 'ಸೆಟ್ ಆಫ್', ಒಂದೇ ಸಮನೆ ಮೊದಲಾಗು ಎಂಬ ಅರ್ಥದ 'ಸೆಟ್ ಇನ್', ಪ್ರಯಾಣ ಹೊರಡು ಎಂಬ ಅರ್ಥದ 'ಸೆಟ್ ಔಟ್'. ಸಂಸ್ಕೃತದಲ್ಲಿ ಉಪಸರ್ಗವು ಧಾತುವಿನ ಹಿಂದೆ ನಿಂತು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಧಾತುವಿನ ಮುಂದೆ ಬರುವ ಕಿರುಪದ ಮಾಡುತ್ತದೆ. 'ಹೃ' ಧಾತುವಿನಿಂದ ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರಗಳು ಹುಟ್ಟುವುದನ್ನು ಬಾಲ್ಯದಲ್ಲಿಯೇ ಕಲಿಯುವ ಭಾರತೀಯ ವಿದ್ಯಾರ್ಥಿಗೆ ಈ ಕ್ರಮ ಹೊಸದಲ್ಲ.

೧೮೫೭ರಲ್ಲಿ ರಿಚರ್ಡ್ ಶೆನೆವಿಕ್ಸ್ ಟ್ರೆಂಚ್ ಎಂಬ ವಿದ್ವಾಂಸನು ಲಂಡನ್ನಿನ ಫಿಲಾಲಜಿಕಲ್ ಸೊಸೈಟಿಯ ಮುಂದೆ ಅಂದಿನ ನಿಘಂಟುಗಳ ನ್ಯೂನತೆಗಳನ್ನು ಕುರಿತು ಎರಡು ಪ್ರಬಂಧಗಳನ್ನು ಓದಿದನು. ಅದರ ಫಲವಾಗಿ ಹೊಸ ಕೋಶವೊಂದರ ಸಂಕಲ್ಪವಾಯಿತು. ಪದದ ಜನನದಿಂದ ಮೊದಲ್ಗೊಂಡು ಅದರ ಪ್ರತಿಯೊಂದು ಅರ್ಥದ ವೃತ್ತಾಂತವನ್ನೂ ಕಾಲಾನುಕ್ರಮದಲ್ಲಿ ಹೇಳಬೇಕೆಂಬುದು ಅದರ ತತ್ತ್ವ. ೧೮೭೯ರಲ್ಲಿ ಜೇಮ್ಸ್ ಮರ್ರೆ ಸಂಪಾದಕನಾದನು. ಸ್ವಯಂಸೇವಕರಾದ ವಾಚಕರು ಗ್ರಂಥಗಳಿಂದ ಪ್ರಯೋಗಗಳನ್ನು ಚೀಟಿಗಳ ಮೇಲೆ ಬರೆದು ಕಳುಹಿಸಬೇಕೆಂಬುದು ಏರ್ಪಾಡು. ಬಂದ ಚೀಟಿಗಳನ್ನು ಪರಿಶೀಲಿಸಿದಾಗ ಮರ್ರೆಗೆ ವಿಚಿತ್ರವಾದ ಕೊರತೆಯೊಂದು ಕಂಡುಬಂದಿತು. 'ಅಬ್ಯೂಶನ್' ಎಂಬ ಬಳಕೆ ತಪ್ಪಿದ ಪದಕ್ಕೆ ಸುಮಾರು ೫೦ ಪ್ರಯೋಗಗಳು ದೊರೆತಿದ್ದುವು. 'ಅಬ್ಯೂಸ್' ಎಂಬ ನಿತ್ಯದ ಪದಕ್ಕೆ ಐದೂ ಇರಲಿಲ್ಲ. ವಾಚಕರ ಕಣ್ಣು ಅಪೂರ್ವವಾದುದರ ಮೇಲೆ ನೆಟ್ಟಿತ್ತು, ಸಾಮಾನ್ಯವಾದುದನ್ನು ದಾಟಿ ಹೋಗಿತ್ತು. ಸಾಮಾನ್ಯಪದಗಳಿಗೂ ಪ್ರಯೋಗಗಳನ್ನು ಆರಿಸಬೇಕೆಂದು ಹೊಸದಾಗಿ ಬೇಡಿಕೊಳ್ಳಬೇಕಾಯಿತು.

೧೮೮೪ರಲ್ಲಿ ಮೊದಲ ಸಂಚಿಕೆ ಹೊರಬಂದ ಈ ಕೋಶದ ಸಮಾಪ್ತಿಯನ್ನು ನೋಡುವ ಭಾಗ್ಯ ಮರ್ರೆಗೆ ಇರಲಿಲ್ಲ. ಅವನು ೧೯೧೫ರಲ್ಲಿ ತೀರಿಕೊಂಡನು. 'ಸೆಟ್' ಧಾತುವಿರುವ ಭಾಗವನ್ನು ಸಂಪಾದಿಸಿದವನು ಅವನ ಸಹೋದ್ಯೋಗಿ ಹೆನ್ರಿ ಬ್ರಾಡ್ಲಿ. ಅವನೂ ೧೯೨೩ರಲ್ಲಿ ಕಾಲವಾದನು. ಆ ಲೇಖವು ಮಾತ್ರ ಕೋಶದ ಅತಿದೀರ್ಘ ಲೇಖವೆಂಬ ಕೀರ್ತಿಯನ್ನು ಬಹುಕಾಲ ಉಳಿಸಿಕೊಂಡಿತು. ೧೯೮೯ರ ದ್ವಿತೀಯಾವೃತ್ತಿಯಲ್ಲಿಯೂ ಅದರ ವಿಸ್ತಾರ ಸುಮಾರು ೬೦,೦೦೦ ಪದಗಳಷ್ಟಿತ್ತು. ಧಾತುವೊಂದಕ್ಕೇ ಸುಮಾರು ೪೩೦ ಅರ್ಥಗಳು, ಕಿರುಪದಗಳೊಡನೆ ಸೇರಿದಾಗ ಸುಮಾರು ೫೮೦. ತೃತೀಯಾವೃತ್ತಿಗಾಗಿ ಪರಿಷ್ಕರಣವು ನಡೆದಂತೆ ಈ ಅಗ್ರಸ್ಥಾನ ಕೈಬದಲಾಯಿಸಿತು. ೨೦೦೦ದಲ್ಲಿ 'ಮೇಕ್', ೨೦೦೭ರಲ್ಲಿ 'ಪುಟ್', ೨೦೧೧ರಲ್ಲಿ 'ರನ್' ಅದನ್ನು ಪಡೆದುವು. 'ರನ್' ಧಾತುವಿನ ಅರ್ಥಗಳು ೬೪೫ ಎಂದು ಎಣಿಸಲಾಯಿತು. ಆ ಒಂದು ಪದದ ಪರಿಷ್ಕಾರಕ್ಕೆ ಪೀಟರ್ ಗಿಲಿವರ್ ಎಂಬ ನಿಘಂಟುಕಾರನಿಗೆ ಒಂಬತ್ತು ತಿಂಗಳಿಗಿಂತ ಹೆಚ್ಚಿನ ಕಾಲ ಹಿಡಿಯಿತು. ಯಂತ್ರಗಳು ನಡೆಯುವುದು, ಉದ್ಯಮ ನಡೆಸುವುದು, ಗಣಕದಲ್ಲಿ ಆದೇಶಸರಣಿ ಚಲಿಸುವುದು ಮೊದಲಾದ ಹೊಸ ವ್ಯವಹಾರಗಳೆಲ್ಲ ಆ ಧಾತುವನ್ನು ಆಶ್ರಯಿಸಿದುವು.

ಈ ಸಂಖ್ಯೆಗಳನ್ನು ಧಾತುಗಳ ಓಟದ ಪಂದ್ಯದಂತೆ ಭಾವಿಸುವುದು ಸರಿಯಲ್ಲ. ಎಲ್ಲಿ ಒಂದು ಅರ್ಥ ಮುಗಿದು ಇನ್ನೊಂದು ಮೊದಲಾಗುತ್ತದೆಂಬುದನ್ನು ನಿರ್ಣಯಿಸುವವನು ಸಂಪಾದಕ. ಒಂದೇ ಲೇಖವನ್ನು ೧೫೪ ವಿಭಾಗಗಳೆಂದೂ ಎಣಿಸಬಹುದು, ೪೩೦ ಅರ್ಥಗಳೆಂದೂ ಎಣಿಸಬಹುದು. ಸಂಖ್ಯೆಯು ಹೇಳುವುದು ಇಷ್ಟೆ: ಜನಜೀವನದ ಎಷ್ಟು ಕಸುಬುಗಳಲ್ಲಿ, ಎಷ್ಟು ಸಂದರ್ಭಗಳಲ್ಲಿ ಆ ಪದವು ದುಡಿದಿದೆ, ಮತ್ತು ಆ ದುಡಿಮೆಯನ್ನು ಬರೆದಿಡಲು ಎಷ್ಟು ಜನರು ಶ್ರಮಿಸಿದ್ದಾರೆ ಎಂಬುದು.

೫

ನಾನಾರ್ಥಗಳ ಇನ್ನೊಂದು ಮುಖವೇ ಸಮಾನಾರ್ಥಗಳು. ಒಂದು ಪದಕ್ಕೆ ಹಲವು ಅರ್ಥಗಳಿರುವಂತೆ ಒಂದು ಅರ್ಥಕ್ಕೆ ಹಲವು ಪದಗಳಿರುತ್ತವೆ. ಈ ಎರಡನೆಯ ಕ್ರಮದಲ್ಲಿ ಇಂಗ್ಲಿಷ್ ಪದಗಳನ್ನು ಜೋಡಿಸಿದವನು ಪೀಟರ್ ಮಾರ್ಕ್ ರಾಜೆ ಎಂಬ ವೈದ್ಯ. ೧೮೫೨ರಲ್ಲಿ ಪ್ರಕಟವಾದ ಅವನ ಪರ್ಯಾಯಪದಕೋಶವು ಭಾವನೆಗಳನ್ನು ಆರು ವರ್ಗಗಳಾಗಿಯೂ ೧,೦೦೦ ಶೀರ್ಷಿಕೆಗಳಾಗಿಯೂ ವಿಭಾಗಿಸುತ್ತದೆ. ತನಗಿಂತ ಹಿಂದೆ ಇಂತಹ ಪ್ರಯತ್ನ ಮಾಡಿದವರಲ್ಲಿ ಎಲ್ಲರಿಗಿಂತ ಪ್ರಾಚೀನನು ಅಮರಸಿಂಹನೆಂದು ಅವನು ತನ್ನ ಪೀಠಿಕೆಯಲ್ಲಿ ಹೆಸರಿಸಿದ್ದಾನೆ. ೧೮೦೮ರಲ್ಲಿ ಶ್ರೀರಾಮಪುರದಲ್ಲಿ ಮುದ್ರಿತವಾದ ಕೋಲ್‌ಬ್ರೂಕನ ಅನುವಾದದ ಮೂಲಕ ಅಮರಕೋಶವು ಅವನ ಗಮನಕ್ಕೆ ಬಂದಿತ್ತು. ಅದರ ಕ್ರಮವು ಅವನಿಗೆ ಅಸ್ತವ್ಯಸ್ತವಾಗಿ ಕಂಡಿತು. ಸ್ವರ್ಗದಿಂದ ಮೊದಲಾಗಿ ಭೂಮಿಗಿಳಿದು, ಕಡೆಯ ಕಾಂಡದಲ್ಲಿ ನಾನಾರ್ಥವರ್ಗವನ್ನು ಪ್ರತ್ಯೇಕವಾಗಿ ನಿಲ್ಲಿಸುವ ಆ ಯೋಜನೆಯ ಔಚಿತ್ಯವು ಬಾಯಿಪಾಠದ ಪರಂಪರೆಯ ಹೊರಗಿನವನಿಗೆ ಗೋಚರವಾಗದಿದ್ದುದು ಸಹಜ. ಪರ್ಯಾಯಪದಗಳಿಗೂ ನಾನಾರ್ಥಪದಗಳಿಗೂ ಬೇರೆ ಬೇರೆ ಎಡೆಯನ್ನು ಕಲ್ಪಿಸಬೇಕೆಂಬ ವಿವೇಕವು ಅಮರಸಿಂಹನಲ್ಲಿಯೇ ಇತ್ತೆಂಬುದಂತೂ ಸ್ಪಷ್ಟ.

ಸಮಾನಾರ್ಥಪದಗಳು ಒಂದರ ಪಕ್ಕದಲ್ಲೊಂದು ಸುಮ್ಮನೆ ಇರುವುದಿಲ್ಲ. ಒಂದರ ಕ್ಷೇತ್ರವನ್ನು ಇನ್ನೊಂದು ಆಕ್ರಮಿಸುತ್ತದೆ. 'ಇಡು' ಎಂಬ ಸರಳಾರ್ಥದಲ್ಲಿ 'ಸೆಟ್' ಧಾತುವಿನ ಸ್ಥಾನವನ್ನು ಕಾಲಕ್ರಮದಲ್ಲಿ 'ಪುಟ್' ಎಂಬುದು ಬಹುಮಟ್ಟಿಗೆ ಕಸಿದುಕೊಂಡಿತು. ಆದರೆ ಹರಳು, ಮೂಳೆ, ಬೋನು, ಗಡಿಯಾರಗಳ ವಿಶೇಷಪ್ರಯೋಗಗಳಲ್ಲಿ ಹಳೆಯ ಧಾತು ಅಲುಗದೆ ನಿಂತಿತು. ಕನ್ನಡದಲ್ಲಿಯೂ ಹೀಗೆಯೇ ಆಗಿದೆ. ಹಿಂದೆ 'ಇಕ್ಕು' ಎಂಬ ಧಾತು ನಿರ್ವಹಿಸುತ್ತಿದ್ದ ಕಾರ್ಯಗಳಲ್ಲಿ ಹೆಚ್ಚಿನವನ್ನು, ನಡುಗನ್ನಡದಲ್ಲಿ 'ಹಾಯ್ಕು' ಎಂದು ಕಾಣಿಸಿಕೊಳ್ಳುವ ಇಂದಿನ 'ಹಾಕು' ವಹಿಸಿಕೊಂಡಿದೆ. ಆದರೂ ಅನ್ನವಿಕ್ಕು, ಮುತ್ತಿಕ್ಕು, ಕದವಿಕ್ಕು ಎಂಬೆಡೆಗಳಲ್ಲಿ ಹಳೆಯ ಒಡೆಯನ ಗುರುತು ಅಳಿಸಿಲ್ಲ.

ಇಂಗ್ಲಿಷಿನಲ್ಲಿ ಸಮಾನಾರ್ಥಗಳ ಸಂಪತ್ತಿಗೆ ಮುಖ್ಯಕಾರಣ ಆ ಭಾಷೆಯಲ್ಲಿ ಸ್ವಂತದ, ಫ್ರೆಂಚಿನ ಮತ್ತು ಲ್ಯಾಟಿನ್ನಿನ ಮೂರು ಪದರಗಳು ಕೂಡಿರುವುದು. ಕನ್ನಡದಲ್ಲಿಯೂ ಮೂರು ಪದರಗಳುಂಟು. ನಿಲ್ಲಿಸು, ಕೂರಿಸು, ಇರಿಸು ಎಂಬುವು ದೇಶ್ಯ. ಸ್ಥಾಪಿಸು ಎಂಬುದು ಸಂಸ್ಕೃತದ್ದು. ಕಾಯಂ ಮಾಡು ಎಂಬಲ್ಲಿಯ ಕಾಯಂ ಶಬ್ದವು ಅರಬ್ಬಿಯಿಂದ ಆಡಳಿತದ ಮಾರ್ಗವಾಗಿ ಬಂದುದು. ಸ್ಥಾಪಿಸು ಎಂಬುದು 'ನಿಲ್ಲು' ಎಂಬರ್ಥದ ಧಾತುವಿನ ಪ್ರೇರಣಾರ್ಥಕ ರೂಪ. ಅರಬ್ಬಿಯ ಕಾಯಂ ಶಬ್ದದ ಮೂಲಾರ್ಥವೂ 'ನಿಂತಿರುವುದು' ಎಂದೇ. ನಾಲ್ಕು ಭಾಷೆಗಳು ನಾಲ್ಕು ದಾರಿಗಳಲ್ಲಿ ನಡೆದು, ನಿಲ್ಲುವುದು ಕೂರುವುದೆಂಬ ಮಾನವದೇಹದ ಎರಡು ಸ್ಥಿತಿಗಳಿಂದಲೇ ಸ್ಥಿರತೆಯ ಭಾವವನ್ನು ಕಂಡುಕೊಂಡಿರುವುದು ಸಮಾನಾರ್ಥಗಳ ಅಧ್ಯಯನದಿಂದ ಹೊಳೆಯುವ ಸತ್ಯ.

೬

ಕನ್ನಡದ ಕೋಶರಚನೆಯ ಇತಿಹಾಸವೂ ಕಠಿನಪದಗಳಿಂದಲೇ ಮೊದಲಾಯಿತು. ರನ್ನನ ಹೆಸರಿನ 'ರನ್ನಕಂದ', ನಾಗವರ್ಮನ 'ಅಭಿಧಾನವಸ್ತುಕೋಶ', ಲಿಂಗಮಂತ್ರಿಯ 'ಕಬ್ಬಿಗರ ಕೈಪಿಡಿ' ಇವೆಲ್ಲ ಕಾ‌ವ್ಯಾಭ್ಯಾಸಿಗಳಿಗಾಗಿ ರಚಿತವಾದವು. ನಿತ್ಯದ ಕ್ರಿಯಾಪದಗಳಿಗೆ ಅವುಗಳಲ್ಲಿ ವಿಶೇಷಾವಕಾಶವಿರಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದ ಧಾತುಪ್ರಕರಣದಲ್ಲಿ ಕನ್ನಡದ ಧಾತುಗಳನ್ನು ಸಂಗ್ರಹಿಸಿ, ಸಂಸ್ಕೃತದಲ್ಲಿ ಸಂಕ್ಷಿಪ್ತವಾದ ಅರ್ಥಗಳನ್ನು ಕೊಟ್ಟುದು ಈ ಕಾರಣದಿಂದ ಮಹತ್ತ್ವದ ಕಾರ್ಯ.

ದ್ವಿಭಾಷಾನಿಘಂಟುಗಳ ಯುಗವು ಬಳ್ಳಾರಿಯಲ್ಲಿದ್ದ ವಿಲಿಯಂ ರೀವನಿಂದ ಮೊದಲಾಗುತ್ತದೆ. ಅವನ ಇಂಗ್ಲಿಷ್–ಕನ್ನಡ ಕೋಶ ೧೮೨೪ರಲ್ಲಿಯೂ ಕನ್ನಡ–ಇಂಗ್ಲಿಷ್ ಕೋಶ ೧೮೩೨ರಲ್ಲಿಯೂ ಮದರಾಸಿನಲ್ಲಿ ಅಚ್ಚಾದುವು. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಫರ್ಡಿನಂಡ್ ಕಿಟ್ಟೆಲ್ಲನ ಕೋಶವು ಗಾದೆಗಳನ್ನೂ ಪ್ರಯೋಗಗಳನ್ನೂ ಸೋದರಭಾಷೆಗಳ ರೂಪಗಳನ್ನೂ ಒಳಗೊಂಡು, ಕನ್ನಡದ ಸಾಮಾನ್ಯಪದಗಳಿಗೆ ಮೊತ್ತಮೊದಲು ತಕ್ಕ ಗೌರವವನ್ನು ಸಲ್ಲಿಸಿತು. ಅದರ ಪರಿಷ್ಕೃತ ವಿಸ್ತೃತ ಆವೃತ್ತಿಯನ್ನು ಎಂ. ಮರಿಯಪ್ಪ ಭಟ್ಟರು ಸಿದ್ಧಪಡಿಸಿದರು. ೧೯೬೮ರಿಂದ ೧೯೭೧ರವರೆಗೆ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದುದು ಮದರಾಸು ವಿಶ್ವವಿದ್ಯಾನಿಲಯ. ಕನ್ನಡದ ಅತಿ ಮುಖ್ಯವಾದ ಕೋಶಗಳಲ್ಲೊಂದು ಕನ್ನಡನಾಡಿನ ಹೊರಗಣ ನಗರದಲ್ಲಿ ಮರುಹುಟ್ಟು ಪಡೆದುದು ಸ್ಮರಣೀಯ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ೧೯೪೬ರಲ್ಲಿ ಪ್ರಕಟವಾಯಿತು. ಐತಿಹಾಸಿಕ ತತ್ತ್ವದ ಮೇಲೆ, ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಆರಿಸಿ ಕನ್ನಡ ಸಾಹಿತ್ಯ ಪರಿಷತ್ತು ಸಿದ್ಧಪಡಿಸಿದ ನಿಘಂಟಿನ ಮೊದಲ ಸಂಪುಟ ೧೯೭೦ರಲ್ಲಿಯೂ ಎಂಟನೆಯದಾದ ಕಡೆಯ ಸಂಪುಟ ೧೯೯೫ರಲ್ಲಿಯೂ ಹೊರಬಂದುವು.

ಕನ್ನಡದ ಧಾತುಗಳ ಶಕ್ತಿ 'ಸೆಟ್' ಧಾತುವಿಗಿಂತ ಕಡಿಮೆಯದಲ್ಲ. 'ಇಡು' ಎಂಬ ಎರಡಕ್ಷರದ ಧಾತುವನ್ನೇ ನೋಡಬಹುದು. ಹೆಸರಿಡು, ಹೆಜ್ಜೆಯಿಡು, ಮೊಟ್ಟೆಯಿಡು, ಬೆಂಕಿಯಿಡು, ಬೊಟ್ಟಿಡು, ಮೊರೆಯಿಡು, ಆಣೆಯಿಡು, ಅಡವಿಡು, ಕಣ್ಣಿಡು, ನಂಬಿಕೆಯಿಡು—ಒಂದೊಂದರಲ್ಲಿಯೂ ಅದರ ಅರ್ಥ ಬೇರೆ. 'ಹೂಡು' ಎಂಬುದು ಬಾಣಕ್ಕೂ ನೇಗಿಲಿಗೂ ಒಲೆಗೂ ಸಂಸಾರಕ್ಕೂ ಮೊಕದ್ದಮೆಗೂ ಸಲ್ಲುತ್ತದೆ. ಇಂಗ್ಲಿಷಿನವನು 'ಸೆಟ್ ಅಪ್' ಎನ್ನುವ ಎಷ್ಟೋ ಎಡೆಗಳಲ್ಲಿ ಕನ್ನಡಿಗನ ಬಾಯಿಗೆ ಬರುವ ಸಹಜವಾದ ಮಾತು ಇದೇ. ಕನ್ನಡ ಧಾತುಗಳ ಅರ್ಥಸಂಖ್ಯೆ ಕಡಿಮೆಯೆಂದು ತೋರಿದರೆ ಅದಕ್ಕೆ ಕಾರಣ ಭಾಷೆಯ ಬಡತನವಲ್ಲ, ಚೀಟಿಗಳ ಬಡತನ.

೭

ಈ ಚರಿತ್ರೆಗೆ ಈಚಿನದಾದ ಒಂದು ಅಧ್ಯಾಯವೂ ಉಂಟು. 'ಸೆಟ್' ಧಾತು ಈಗ ಕನ್ನಡದ ಒಳಕ್ಕೇ ಬಂದು ಕುಳಿತಿದೆ. ಹಿಂದೆ ಸಂಸ್ಕೃತದ ಧಾತುಗಳು ಕನ್ನಡಕ್ಕೆ ಬಂದಾಗ 'ಇಸು' ಪ್ರತ್ಯಯವನ್ನು ಧರಿಸಿ ಸ್ಥಾಪಿಸು, ಸಾಧಿಸು ಎಂದು ಕನ್ನಡದ ಕ್ರಿಯಾಪದಗಳೇ ಆದುವು. ಇಂಗ್ಲಿಷಿನ ಧಾತುವಾದರೋ ಹಾಗೆ ಒಳಗಾಗದೆ, 'ಮಾಡು' 'ಆಗು'ಗಳ ತೋಳನ್ನು ಹಿಡಿದು ನಿಲ್ಲುತ್ತದೆ. ಗಡಿಯಾರವನ್ನು 'ಸೆಟ್ ಮಾಡು', ಮೊಸರು 'ಸೆಟ್ ಆಯಿತು', ಹರಳನ್ನು 'ಸೆಟ್ ಮಾಡು' ಎಂಬ ಮಾತುಗಳು ನಗರಗಳಲ್ಲಿ ಕೇಳಿಬರುತ್ತವೆ. ನಾಲ್ಕು ಭಾಷೆಗಳ ನಡುವೆ ದಿನ ಕಳೆಯಬೇಕಾದ ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಇದು ಇನ್ನಷ್ಟು ಸುಲಭವಾದ ಮಾರ್ಗ.

ಅನ್ಯಭಾಷೆಯ ಪದವೊಂದು ಬಂದುದರಿಂದ ಮಾತ್ರ ಭಾಷೆ ಕೆಡುವುದಿಲ್ಲ. ಫ್ರೆಂಚನ್ನೂ ಲ್ಯಾಟಿನ್ನನ್ನೂ ಅರಗಿಸಿಕೊಂಡ ಇಂಗ್ಲಿಷೇ ಇದಕ್ಕೆ ನಿದರ್ಶನ. ಆದರೆ ಅಲ್ಲಿ ಬಂದ ಪದವು ಹಳೆಯ ಪದದ ಪಕ್ಕದಲ್ಲಿ ನಿಂತು ಅರ್ಥದ ಛಾಯೆಗಳನ್ನು ಹೆಚ್ಚಿಸಿತು. ಇಲ್ಲಿ ಒಂದೇ ಪದವು ಬಂದು ಹತ್ತು ಪದಗಳನ್ನು ಎಬ್ಬಿಸಿ ಕಳುಹಿಸುವ ಭಯವಿದೆ. ಹೆಪ್ಪುಗಟ್ಟು, ಕಾವಿಗೆ ಕೂರಿಸು, ಒಡ್ಡು, ಹೂಡು, ಅಣಿಗೊಳಿಸು ಎಂಬ ಮಾತುಗಳು ಕಾವ್ಯದ ಮಾತುಗಳಲ್ಲ. ಅಡುಗೆಮನೆ, ಕೊಟ್ಟಿಗೆ, ಹೊಲ, ಅಕ್ಕಸಾಲಿಗನ ಅಗ್ಗಿಷ್ಟಿಕೆಗಳ ಬಳಿ ಬೆಳೆದವು. ಕಾವ್ಯದ ಪದವು ಬಳಕೆ ತಪ್ಪಿದರೂ ಓಲೆಯಲ್ಲಿ ಉಳಿದಿರುತ್ತದೆ. ಕಸುಬಿನ ಪದವು ಕಸುಬುದಾರನೊಡನೆಯೇ ಕಣ್ಮರೆಯಾಗುತ್ತದೆ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ೧೯೪೮ರಲ್ಲಿ ಎಸ್. ಎಂ. ಕತ್ರೆಯವರ ನೇತೃತ್ವದಲ್ಲಿ ಐತಿಹಾಸಿಕ ತತ್ತ್ವದ ಸಂಸ್ಕೃತಕೋಶದ ಕಾರ್ಯ ಮೊದಲಾದಾಗ ಪ್ರಯೋಗಗಳನ್ನು ಚೀಟಿಗಳ ಮೇಲೆ ಕೂಡಿಡುವುದೇ ಅದಕ್ಕೂ ಅಡಿಪಾಯವಾಯಿತು. ಸಂಸ್ಕೃತದ ಪ್ರಯೋಗಗಳು ಗ್ರಂಥಗಳಲ್ಲಿವೆ; ಅವು ಕಾಯುತ್ತವೆ. ಕನ್ನಡದ ಕಸುಬಿನ ಕ್ರಿಯಾಪದಗಳ ಪ್ರಯೋಗಗಳು ಜನರ ಬಾಯಲ್ಲಿವೆ, ಅವು ಕಾಯುವುದಿಲ್ಲ. ೧೮೭೯ರಲ್ಲಿ ಮರ್ರೆಯ ವಾಚಕರು ಮಾಡಿದ ತಪ್ಪು ಅಪೂರ್ವಪದಗಳನ್ನು ಆರಿಸಿದುದಲ್ಲ, ಸಾಮಾನ್ಯಪದಗಳನ್ನು ಬಿಟ್ಟುದು. ಪೂರ್ವಿಕರ ಊರಿನಲ್ಲಿ ಕೇಳಿದ ಮಾತನ್ನು ಹೊರಊರಿನಲ್ಲಿ ಕುಳಿತು ನೆನೆಯುವ ಕನ್ನಡಿಗನಿಗೆ ಆ ತಪ್ಪನ್ನು ತಿದ್ದುವ ಅವಕಾಶ ವಿಶೇಷವಾಗಿದೆ. ಏಕೆಂದರೆ ಊರಿನಲ್ಲಿರುವವನಿಗೆ ಸಾಮಾನ್ಯವೆನಿಸಿ ಕಿವಿಗೆ ಬೀಳದ ಮಾತು ಹೊರಗಿರುವವನಿಗೆ ನೆನಪಾಗಿ ಕೇಳಿಸುತ್ತದೆ.

ನಿಘಂಟಿಗೆ ಸಂಸ್ಕೃತದಲ್ಲಿ 'ಅಭಿಧಾನ'ವೆಂಬ ಇನ್ನೊಂದು ಹೆಸರುಂಟು. ಅದು ಹುಟ್ಟಿರುವುದು 'ಇಡು' ಎಂಬರ್ಥದ 'ಧಾ' ಧಾತುವಿನಿಂದ. ವಸ್ತುವಿಗೆ ಹೆಸರಿಡುವುದೂ, ಆ ಹೆಸರನ್ನು ಮುಂದಿನವರಿಗಾಗಿ ತೆಗೆದಿಡುವುದೂ ಕೊನೆಗೆ ಒಂದೇ ಕಾರ್ಯವೆಂಬುದನ್ನು ಆ ಪದವೇ ಹೇಳುತ್ತದೆ.